ಗೋಡೆಯ ಮೇಲೆ ದಶಾಜ್ಞೆ, ಕೈಯಲ್ಲಿ ಕತ್ತರಿ

ಅಮೆರಿಕದ ಲೂಯಿಸಿಯಾನಾ ರಾಜ್ಯದ ಗವರ್ನರ್ ಜೆಫ್ ಲ್ಯಾಂಡ್ರಿ 2024ರ ಜೂನ್‌ನಲ್ಲಿ ಒಂದು ಕಾಯ್ದೆಗೆ ಸಹಿ ಹಾಕಿದರು. ಶಿಶುವಿಹಾರದಿಂದ ವಿಶ್ವವಿದ್ಯಾಲಯದವರೆಗೆ, ಸರ್ಕಾರದ ಹಣದಲ್ಲಿ ನಡೆಯುವ ಪ್ರತಿಯೊಂದು ತರಗತಿಯ ಗೋಡೆಯ ಮೇಲೂ ಬೈಬಲಿನ ದಶಾಜ್ಞೆ ಇರಬೇಕು ಎನ್ನುತ್ತದೆ ಅದು. ಹಾಳೆ 11x14 ಅಂಗುಲಕ್ಕಿಂತ ಚಿಕ್ಕದಾಗಬಾರದು, ಅಕ್ಷರ ಸಲೀಸಾಗಿ ಓದುವಷ್ಟು ದೊಡ್ಡದಿರಬೇಕು, ಹಾಳೆಯಲ್ಲಿ ಆಜ್ಞೆಗಳೇ ಎದ್ದು ಕಾಣಬೇಕು. ಮರುವರ್ಷ ಟೆಕ್ಸಾಸ್ ಇದೇ ಹಾದಿ ಹಿಡಿದು ಅಳತೆಯನ್ನು 16x20ಕ್ಕೆ ಏರಿಸಿತು. ಇಂಥ ಕಾಯ್ದೆಗಳ ಬಗ್ಗೆ ವಾದ ಎದ್ದಾಗಲೆಲ್ಲ ಮಾತು ಮಕ್ಕಳ ಮನಸ್ಸಿನತ್ತ ಹೊರಳುತ್ತದೆ: ಗೋಡೆಯ ಮೇಲಿನ ಹಾಳೆಯಿಂದ ಮಗುವಿನ ಮೇಲೆ ಒತ್ತಡ ಬೀಳುತ್ತದೋ ಇಲ್ಲವೋ? ಆ ಪ್ರಶ್ನೆ ಸಣ್ಣದಲ್ಲ. ಆದರೆ ಮಗು ತಲೆಯೆತ್ತಿ ಓದುವ ಮೊದಲೇ ಒಂದು ಕೆಲಸ ನಡೆದುಹೋಗಿರುತ್ತದೆ. ಆ ಹಾಳೆಯಲ್ಲಿ ಏನಿರಬೇಕೆಂದು ಶಾಸನಸಭೆ ತೀರ್ಮಾನಿಸಿರುತ್ತದೆ. ಕಾಯ್ದೆಯ ನಿಜವಾದ ದೋಷ ಇರುವುದು ಅಲ್ಲಿ.

ದಶಾಜ್ಞೆ ಎಂದಕೂಡಲೇ ಎಲ್ಲರಿಗೂ ಒಂದೇ ಪಟ್ಟಿ ಕಣ್ಣಮುಂದೆ ಬರುವುದಿಲ್ಲ. ಯೆಹೂದ್ಯರ ಎಣಿಕೆಯಲ್ಲಿ ಮೊದಲನೆಯದು ಆಜ್ಞೆಯೇ ಅಲ್ಲ. ಈಜಿಪ್ಟಿನ ದಾಸ್ಯದಿಂದ ನಿಮ್ಮನ್ನು ಬಿಡಿಸಿ ತಂದವನು ನಾನು ಎಂಬ ದೇವರ ಘೋಷಣೆ. ಕ್ಯಾಥೊಲಿಕರೂ ಲೂಥರನ್ನರೂ ವಿಗ್ರಹ ನಿಷೇಧವನ್ನು ಮೊದಲನೆಯದರೊಳಗೇ ಸೇರಿಸಿ, ಪರರದ್ದಕ್ಕೆ ಆಸೆಪಡಬಾರದೆಂಬುದನ್ನು ಎರಡಾಗಿ ಒಡೆಯುತ್ತಾರೆ. ಲೂಯಿಸಿಯಾನಾ ತನ್ನ ಕಾಯ್ದೆಯಲ್ಲಿ ಅಕ್ಷರಶಃ ಬರೆದುಕೊಟ್ಟ ಪಾಠದಲ್ಲಿ ಈಜಿಪ್ಟಿನ ಸುದ್ದಿಯೇ ಇಲ್ಲ. ನೆರೆಯವನ ದಾಸ, ದಾಸಿಯರಿಗೆ ಆಸೆಪಡಬಾರದೆಂಬ ಮಾತು ಮಾತ್ರ ಉಳಿದಿದೆ. ಗುಲಾಮರನ್ನು ದುಡಿಸಿ ಕಬ್ಬು ಬೆಳೆದ ನಾಡಿನಲ್ಲಿ ಬಿಡುಗಡೆಯ ಸಾಲು ಬಿದ್ದುಹೋಗಿ ದಾಸರ ಸಾಲು ಉಳಿದದ್ದು ಉದ್ದೇಶಪೂರ್ವಕವೆಂದು ನಾನು ಹೇಳಲಾರೆ. ಆದರೆ ಓದುವ ಕಣ್ಣಿಗೆ ಅದು ಕಾಣದೆ ಇರದು. ಈ ಪಾಠ ಶಾಸಕರು ಹೊಸೆದದ್ದಲ್ಲ, 1961ರಲ್ಲಿ ಈಗಲ್ಸ್ ಎಂಬ ಸಂಘ ಟೆಕ್ಸಾಸ್ ರಾಜಧಾನಿಯ ಆವರಣಕ್ಕೆ ಕೊಟ್ಟ ಕಲ್ಲಿನ ಮೇಲಿರುವುದೇ, ಯೆಹೂದ್ಯ, ಕ್ಯಾಥೊಲಿಕ್, ಪ್ರಾಟೆಸ್ಟಂಟ್ ಈ ಮೂರೂ ಮತದವರಿಗೆ ಒಪ್ಪಿಗೆಯಾಗಲೆಂದು ರೂಪಿಸಿದ್ದು ಎಂಬ ಸಮರ್ಥನೆಯುಂಟು. ಹಾಗಿದ್ದರೆ ಪರಿಸ್ಥಿತಿ ಇನ್ನೂ ವಿಚಿತ್ರ: ಯಾವ ಮತದ ಗ್ರಂಥದಲ್ಲೂ ಹೀಗೇ ಸಿಗದ ಧರ್ಮವಾಕ್ಯವೊಂದಕ್ಕೆ ಸರ್ಕಾರ ತನ್ನ ಮುದ್ರೆ ಒತ್ತಿ ಮಕ್ಕಳ ಮುಂದಿಡುತ್ತಿದೆ. ಧರ್ಮಸತ್ಯದ ವಿಷಯದಲ್ಲಿ ಸರ್ಕಾರಿ ಅಧಿಕಾರಿ ನ್ಯಾಯಾಧೀಶನಾಗುವುದು ಉದ್ಧಟತನ ಎಂದು 1785ರಲ್ಲಿ ಜೇಮ್ಸ್ ಮ್ಯಾಡಿಸನ್ ವರ್ಜೀನಿಯಾದ ಶಾಸನಸಭೆಗೆ ಬರೆದದ್ದು ಕ್ರೈಸ್ತಬೋಧಕರಿಗೆ ತೆರಿಗೆ ಹಣ ಕೊಡುವ ಮಸೂದೆಯ ವಿರುದ್ಧ. ಗ್ರಂಥಸಂಪಾದನೆಗೆ ಆ ಮಾತು ಇನ್ನೂ ಚೆನ್ನಾಗಿ ಒಪ್ಪುತ್ತದೆ.

ಇದು ಧರ್ಮವಲ್ಲ, ಚರಿತ್ರೆ ಎಂಬುದು ಕಾಯ್ದೆಯ ಪರ ವಾದಿಸುವವರ ಮುಖ್ಯ ಆಸರೆ. ಹಿಂದೆ ಇಂಥದೇ ಕಾಯ್ದೆ ತಂದಿದ್ದ ಕೆಂಟಕಿ ರಾಜ್ಯವೂ ಇದನ್ನೇ ಹೇಳಿತ್ತು. ದಶಾಜ್ಞೆ ಪಾಶ್ಚಾತ್ಯ ಕಾನೂನಿಗೆ ತಳಹದಿ ಎಂಬ ಸಣ್ಣಕ್ಷರದ ಸಾಲೊಂದನ್ನು ಹಾಳೆಯ ಕೆಳಗೆ ಸೇರಿಸಿ, ಖರ್ಚಿಗೆ ದಾನಿಗಳ ಹಣ ಎತ್ತಿತ್ತು. 1980ರ ಸ್ಟೋನ್ ವಿರುದ್ಧ ಗ್ರಹಾಂ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಆ ಕಾಯ್ದೆಯನ್ನು ರದ್ದು ಮಾಡಿತು: ಕೊಲೆ, ಕಳವು ಬೇಡವೆನ್ನುವ ಆಜ್ಞೆಗಳಿರಬಹುದು, ಆದರೆ ಸಬ್ಬತ್ ಎಂಬ ವಿಶ್ರಾಂತಿದಿನದ ಆಚರಣೆ ಮತ್ತು ಏಕದೇವೋಪಾಸನೆ ಲೌಕಿಕ ಕಾನೂನಲ್ಲ. ಲೂಯಿಸಿಯಾನಾ ಆ ಸಣ್ಣ ಸಾಲಿನ ಜಾಗಕ್ಕೆ ಒಂದು ಹಿನ್ನೆಲೆ ಟಿಪ್ಪಣಿ ತಂದಿತು. ಹಳೆಯ ನ್ಯೂ ಇಂಗ್ಲೆಂಡ್ ಪ್ರೈಮರಿನಂಥ ಪಠ್ಯಗಳಲ್ಲಿ ದಶಾಜ್ಞೆ ಇತ್ತು ಎನ್ನುತ್ತದೆ ಟಿಪ್ಪಣಿ. ಇದ್ದದ್ದು ನಿಜ. ಆದರೆ ಚರಿತ್ರೆಯನ್ನೇ ಸಾಕ್ಷಿಗೆ ಕರೆಯುವುದಾದರೆ ಪೂರ್ತಿ ಕರೆಯಬೇಕು. ಫಿಲಡೆಲ್ಫಿಯಾದ ಶಾಲೆಗಳಲ್ಲಿ ಪ್ರಾಟೆಸ್ಟಂಟರ ಕಿಂಗ್ ಜೇಮ್ಸ್ ಬೈಬಲನ್ನು ಓದಿಸುತ್ತಿದ್ದರು. ತಮ್ಮ ಮಕ್ಕಳಿಗೆ ತಮ್ಮ ಬೈಬಲ್ ಇರಲಿ ಎಂದು ಕ್ಯಾಥೊಲಿಕರು ಕೇಳಿದರು. ಅದರಿಂದ ಹೊತ್ತಿಕೊಂಡ ಜಗಳ 1844ರಲ್ಲಿ ದಂಗೆಯಾಗಿ, ಕ್ಯಾಥೊಲಿಕ್ ಚರ್ಚುಗಳು ಸುಟ್ಟವು, ಜನ ಸತ್ತರು. ಬಡಿದಾಡಿದ ಎರಡೂ ಕಡೆಯವರು ಕ್ರೈಸ್ತರೇ. ಯಾವ ಪಾಠ ಎಂಬ ಪ್ರಶ್ನೆ ಪಂಡಿತರ ಕೂದಲು ಸೀಳುವಿಕೆ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಸರ್ಕಾರದ ಕ್ರಮಕ್ಕೆ ಲೌಕಿಕ ಉದ್ದೇಶವಿದೆಯೇ ಎಂದು ಕೇಳುವ, ಸ್ಟೋನ್ ತೀರ್ಪಿಗೆ ಆಧಾರವಾಗಿದ್ದ ಹಳೆಯ ಲೆಮನ್ ಪರೀಕ್ಷೆಯನ್ನು ಸುಪ್ರೀಂ ಕೋರ್ಟಿನ 2022ರ ಕೆನೆಡಿ ತೀರ್ಪು ಕೈಬಿಟ್ಟು ಚರಿತ್ರೆ, ಸಂಪ್ರದಾಯಗಳನ್ನು ನೋಡಿ ಎಂದಿರುವುದರಿಂದ ಸ್ಟೋನ್ ತೀರ್ಪಿಗೆ ಇನ್ನು ಬಲವಿಲ್ಲ ಎನ್ನುತ್ತಾರೆ ಕಾಯ್ದೆಯ ಪರದವರು. ಆದರೆ ನೋಡಬೇಕಾದ ಚರಿತ್ರೆಯಲ್ಲಿ ಈ ದಂಗೆಯೂ ಸೇರಿದೆ.

ಸುಪ್ರೀಂ ಕೋರ್ಟಿನ ಕಟ್ಟಡದೊಳಗೇ ದಶಾಜ್ಞೆ ತಂದ ಮೋಶೆಯ ಶಿಲ್ಪವಿಲ್ಲವೇ ಎಂದು ಕೇಳುವುದುಂಟು. ಇದೆ, ಹಮ್ಮುರಾಬಿ, ಸೊಲೊನ್, ಕನ್‌ಫ್ಯೂಷಿಯಸ್‌ರ ಸಾಲಿನಲ್ಲಿ, ಶಾಸನಕಾರರಲ್ಲಿ ಒಬ್ಬನಾಗಿ ಇದೆ. ಆದರೆ ಲೂಯಿಸಿಯಾನಾದಲ್ಲಿ ದಶಾಜ್ಞೆ ಕಡ್ಡಾಯ. ಸ್ವಾತಂತ್ರ್ಯ ಘೋಷಣೆಯಂಥ ದಾಖಲೆಗಳನ್ನು ಪಕ್ಕದಲ್ಲಿ ಹಾಕುವುದು ಶಾಲೆಯ ಇಷ್ಟ. ಟೆಕ್ಸಾಸಿನ ಆ ಕಲ್ಲನ್ನು 2005ರಲ್ಲಿ ಕೋರ್ಟ್ ಉಳಿಸಿದ್ದೂ ನಿಜ. ಆದರೆ ಅಂದು ಮುಖ್ಯ ಅಭಿಪ್ರಾಯ ಬರೆದ ನ್ಯಾಯಮೂರ್ತಿ ರೆನ್‌ಕ್ವಿಸ್ಟ್, ಸ್ವತಃ ಸ್ಟೋನ್ ತೀರ್ಪಿಗೆ ಭಿನ್ನಮತ ಬರೆದವರಾದರೂ, ದಿನವೂ ಮಕ್ಕಳ ಕಣ್ಣಿಗೆ ಬೀಳುವ ತರಗತಿಯ ಪಾಠಕ್ಕೂ ಜನ ಓಡಾಡುವ ಆವರಣದ ಸ್ಮಾರಕಕ್ಕೂ ವ್ಯತ್ಯಾಸವಿದೆ ಎಂದರು. ಇಷ್ಟವಿಲ್ಲದವರು ನೋಡದಿದ್ದರಾಯಿತು ಎಂಬ ವಾದ ಆ ಆವರಣಕ್ಕೆ ಸರಿ. ಶಾಲೆಗೆ ಬರಲೇಬೇಕೆಂದು ಕಾನೂನೇ ಹೇಳುವಾಗ, ಹಾಳೆಯ ಅಕ್ಷರ ದೊಡ್ಡದಿರಬೇಕೆಂದೂ ಕಾನೂನೇ ಹೇಳುವಾಗ, ನೋಡಬೇಡ ಎನ್ನುವುದು ತಮಾಷೆಯಾಗುತ್ತದೆ.

ಹೆಚ್ಚು ತೂಕದ ಆಕ್ಷೇಪ ಬೇರೆ ಇದೆ. ಧರ್ಮವನ್ನು ಗೋಡೆಯಿಂದ ತೆಗೆದರೆ ಶಾಲೆ ತಟಸ್ಥವಾಗುವುದಿಲ್ಲ, ಧರ್ಮವೇ ಬೇಡವೆಂಬ ನಿಲುವನ್ನು ಸದ್ದಿಲ್ಲದೆ ಕಲಿಸುತ್ತದೆ ಎನ್ನುವವರನ್ನು ಮತಾಂಧರೆಂದು ತಳ್ಳಿಹಾಕಲಾಗದು. ಬೈಬಲ್ ತಿಳಿಯದೆ ಮಿಲ್ಟನ್ನನನ್ನಾಗಲಿ ಮಾರ್ಟಿನ್ ಲೂಥರ್ ಕಿಂಗರ ಭಾಷಣಗಳನ್ನಾಗಲಿ ಓದುವುದು ಕಷ್ಟ. ಆದರೆ ಈ ಬಾಗಿಲನ್ನು ಕೋರ್ಟುಗಳು ಮುಚ್ಚಿಯೇ ಇಲ್ಲ. ಶಾಲೆಯ ಬೈಬಲ್ ಪಠಣವನ್ನು ನಿಲ್ಲಿಸಿದ 1963ರ ಶೆಂಪ್ ತೀರ್ಪೇ ಬೈಬಲನ್ನು ಸಾಹಿತ್ಯವಾಗಿ, ಚರಿತ್ರೆಯಾಗಿ ಕಲಿಸಲು ಅಡ್ಡಿಯಿಲ್ಲ ಎಂದಿದೆ. ವಿದ್ಯಾರ್ಥಿಗಳು ತಾವಾಗಿ ಬೈಬಲ್ ಸಂಘ ಕಟ್ಟಿಕೊಂಡು ಪ್ರೌಢಶಾಲೆಯಲ್ಲೇ ಸೇರಬಹುದೆಂದು 1990ರ ಮರ್ಜೆನ್ಸ್ ತೀರ್ಪು ಹೇಳಿದೆ. ಮಕ್ಕಳಿಗೆ ಬೈಬಲಿನ ಅರಿವಿರಬೇಕೆಂಬುದೇ ಶಾಸಕರ ಆಸೆಯಾಗಿದ್ದರೆ ಒಬ್ಬ ಶಿಕ್ಷಕ, ಒಂದು ಪಠ್ಯ, ವಾರಕ್ಕೆ ಒಂದೆರಡು ಅವಧಿ ಬೇಕಾಗುತ್ತಿತ್ತು; ಈಜಿಪ್ಟಿನ ಸಾಲು ಏಕಿಲ್ಲ ಎಂದು ಹುಡುಗಿಯೊಬ್ಬಳು ಕೈಯೆತ್ತಿ ಕೇಳಲು ಅವಕಾಶವೂ ಇರುತ್ತಿತ್ತು. ಲೂಯಿಸಿಯಾನಾದ ಕಾಯ್ದೆ ಕೇಳುವುದು ಗೋಡೆಯನ್ನು ಮಾತ್ರ.