ಸುಂಕದವನ ಮುಂದೆ ಆಡಿದ ಮಾತು

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬುದನ್ನು ನಮ್ಮ ಜನ ಗಾದೆಯನ್ನಾಗಿಯೇ ಮಾಡಿಕೊಂಡಿದ್ದಾರೆ. ಆದರೆ ಪೊಲೀಸ್ ಠಾಣೆಯಲ್ಲಿ ಆಡಿದರೆ ನ್ಯಾಯಾಲಯವು ಕಿವಿಗೊಡದ ತಪ್ಪೊಪ್ಪಿಗೆಯ ಮಾತು, ಅದೇ ಮನುಷ್ಯನು ಕಸ್ಟಮ್ಸ್ ಅಧಿಕಾರಿಯ ಮುಂದೆ ಆಡಿದಾಗ ಅವನನ್ನೇ ಸೆರೆಮನೆಗೆ ಕಳುಹಬಲ್ಲ ಪ್ರಮಾಣವಾಗುತ್ತದೆಂಬುದನ್ನು ಅರಿತವರು ವಿರಳ. 1962ರ ಕಸ್ಟಮ್ಸ್ ಅಧಿನಿಯಮವನ್ನು ಕುರಿತ ಆಕ್ಷೇಪಣೆಗಳು ಬಹುಮಟ್ಟಿಗೆ ಅದರ 123ನೆಯ ಕಲಮಿನ ಮೇಲೆಯೇ ಹರಿದಿವೆ. 108ನೆಯ ಕಲಮಾದರೋ ಸಾಕ್ಷಿಗಳನ್ನು ಕರೆಸುವ ಸಾಮಾನ್ಯ ಏರ್ಪಾಡೆಂಬ ಸೌಮ್ಯವಾದ ಹೆಸರನ್ನು ಪಡೆದು ನಿಶ್ಚಿಂತವಾಗಿದೆ. ಒಂದರ ಅಪಕೀರ್ತಿಯೂ ಇನ್ನೊಂದರ ಸತ್ಕೀರ್ತಿಯೂ ಸಮನಾಗಿ ಅನುಚಿತವೆಂಬುದು ನನ್ನ ಮತ.

ಎರಡೂ ಒಡಹುಟ್ಟಿದವು. 1878ರ ಸಮುದ್ರ ಸುಂಕದ ಅಧಿನಿಯಮಕ್ಕೆ 1955ರಲ್ಲಿ ಆದ ತಿದ್ದುಪಡಿಯಿಂದ ಬಂದ 171ಎ ಮತ್ತು 178ಎ ಕಲಮುಗಳೇ ಇಂದಿನ 108 ಮತ್ತು 123. ಚಿನ್ನ, ಕೈಗಡಿಯಾರ ಹಾಗೂ ಸರ್ಕಾರವು ಗೆಜೆಟ್ಟಿನಲ್ಲಿ ಹೆಸರಿಸಿದ ಇತರ ಸರಕುಗಳು ಕಳ್ಳಸಾಗಣೆಯವೆಂಬ ಸಕಾರಣವಾದ ನಂಬಿಕೆಯಿಂದ ಜಪ್ತಿಯಾದಲ್ಲಿ, ಅವು ಕಳ್ಳಮಾಲಲ್ಲವೆಂದು ತೋರಿಸುವ ಹೊಣೆಯನ್ನು ವಸ್ತು ಸಿಕ್ಕಿದವನ ಮೇಲೆ ಹೊರಿಸುವುದು 123ನೆಯ ಕಲಮಿನ ಕೆಲಸ. ಹಳೆಯ ಒಡವೆಗಳನ್ನು ಕರಗಿಸಿ ಗಟ್ಟಿಮಾಡಿ ಇಟ್ಟುಕೊಂಡ ಬಡ ಅಕ್ಕಸಾಲಿಗನು ರಸೀದಿಯನ್ನು ಎಲ್ಲಿಂದ ತರಬೇಕೆಂಬ ಪ್ರಶ್ನೆ ನ್ಯಾಯವಾದುದೇ. ಆದರೂ ಈ ಕಲಮು ತಾನು ಮಾಡುವುದನ್ನು ಬಹಿರಂಗವಾಗಿ ಹೇಳಿ ಮಾಡುತ್ತದೆ. ತನ್ನ ವ್ಯಾಪ್ತಿಯನ್ನು ಹೆಸರಿಸಿದ ವಸ್ತುಗಳಿಗೆ ಕಟ್ಟಿಹಾಕಿಕೊಂಡಿದೆ. ಲೆಕ್ಕದ ಪುಸ್ತಕದಿಂದಲೋ ಮಾರಿದವನ ಸಾಕ್ಷ್ಯದಿಂದಲೋ ಉತ್ತರಿಸಲು ಆಸ್ಪದವನ್ನು ಉಳಿಸಿದೆ. ಕಠಿಣವಾದುದೆಲ್ಲವೂ ಅನ್ಯಾಯವಲ್ಲ.

ಇನ್ನು 108ನೆಯ ಕಲಮಿನ ರಚನೆಯನ್ನು ನಿಧಾನವಾಗಿ ಪರಿಶೀಲಿಸಬೇಕು. ಗೆಜೆಟೆಡ್ ದರ್ಜೆಯ ಕಸ್ಟಮ್ಸ್ ಅಧಿಕಾರಿಯು ವಿಚಾರಣೆಗೆ ಅವಶ್ಯವೆಂದು ತೋರಿದ ಯಾರನ್ನಾದರೂ ಸಮನ್ಸಿನ ಮೂಲಕ ಕರೆಸಬಹುದು, ಕರೆಸಿಕೊಂಡವನು ಬರಲೇಬೇಕು, ಕೇಳಿದ ವಿಷಯದಲ್ಲಿ ಸತ್ಯವನ್ನೇ ನುಡಿಯಬೇಕು. ಇಷ್ಟರಲ್ಲಿಯೇ ನಿಂತಿದ್ದರೆ ದೋಷವು ಸಣ್ಣದಾಗುತ್ತಿತ್ತು. ಕಡೆಯ ಉಪಕಲಮು, 2024ರಲ್ಲಿ ಹೊಸ ಸಂಹಿತೆಗೆ ಎಡೆಗೊಟ್ಟ ಭಾರತ ದಂಡಸಂಹಿತೆಯ 193 ಮತ್ತು 228ನೆಯ ಕಲಮುಗಳ ಮಟ್ಟಿಗೆ ಈ ವಿಚಾರಣೆಯನ್ನು ನ್ಯಾಯಾಲಯದ ವಿಚಾರಣೆಯೆಂದೇ ಭಾವಿಸತಕ್ಕದ್ದೆಂದು ವಿಧಿಸುತ್ತದೆ. ಮೊದಲನೆಯದು ಸುಳ್ಳುಸಾಕ್ಷ್ಯಕ್ಕೆ 7 ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸುವಂಥದು. ಎರಡನೆಯದು ನ್ಯಾಯಪೀಠಕ್ಕೆ ಅಪಮಾನ ಮಾಡಿದವನನ್ನು ದಂಡಿಸುವಂಥದು. ಈ ಕಲ್ಪನೆಯ ಪ್ರವಾಹವು ಒಂದೇ ದಿಕ್ಕಿನದೆಂಬುದನ್ನು ಗಮನಿಸಬೇಕು: ನ್ಯಾಯಾಧೀಶನಿಗೆ ಸಲ್ಲತಕ್ಕ ಭಯಗೌರವಗಳು ಅಧಿಕಾರಿಗೆ ಪೂರ್ಣವಾಗಿ ಸಂದವು, ನ್ಯಾಯಾಲಯದಲ್ಲಿ ನಿಂತವನಿಗೆ ಸಲ್ಲತಕ್ಕ ರಕ್ಷಣೆ ಮಾತ್ರ ಬಾಗಿಲಿನಿಂದ ಹೊರಗೇ ಉಳಿಯಿತು. ಈ ವಿಚಾರಣೆಯಲ್ಲಿ ವಕೀಲನನ್ನು ಜೊತೆಗಿರಿಸಿಕೊಳ್ಳುವ ಹಕ್ಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1992ರಲ್ಲಿ ಹೇಳಿತು. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾವ ಆರೋಪಿಯನ್ನೂ ಬಲಾತ್ಕರಿಸಬಾರದೆಂಬ ಸಂವಿಧಾನದ 20(3)ನೆಯ ವಿಧಿಯೂ ಇಲ್ಲಿ ಒದಗಿಬರುವುದಿಲ್ಲ. ಏಕೆಂದರೆ ವಿಧ್ಯುಕ್ತವಾಗಿ ಆರೋಪವನ್ನು ಹೊರಿಸುವವರೆಗೆ ಅವನು ಆರೋಪಿಯೇ ಅಲ್ಲ, ಆ ಆರೋಪಕ್ಕೆ ಬೇಕಾದ ಸಾಮಗ್ರಿಯಾದರೋ ಅವನ ಬಾಯಿಂದಲೇ ಬರತಕ್ಕದ್ದು. ಹೀಗಾಗಿ ಸುಳ್ಳಾಡಿದರೆ ಒಂದು ಶಿಕ್ಷೆ, ನಿಜವಾಡಿದರೆ ಇನ್ನೊಂದು.

ಇದೇ ಅಧಿನಿಯಮವು ದೇಹದ ವಿಷಯದಲ್ಲಿ ಎಷ್ಟು ಎಚ್ಚರವಹಿಸಿದೆಯೆಂಬುದನ್ನು ಕಂಡಾಗ ಈ ವೈಷಮ್ಯವು ಇನ್ನೂ ಸ್ಫುಟವಾಗುತ್ತದೆ. 102ನೆಯ ಕಲಮಿನಂತೆ, ತಪಾಸಣೆಗೆ ಗುರಿಯಾದವನು ತನ್ನನ್ನು ಗೆಜೆಟೆಡ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಬಳಿಗೆ ಕರೆದೊಯ್ಯಬೇಕೆಂದು ಕೇಳಬಹುದು. ಇಬ್ಬರು ಪಂಚರಾದರೂ ಎದುರಿಗಿರಬೇಕು. ಹೆಂಗಸನ್ನು ಹೆಂಗಸೇ ತಪಾಸಿಸಬೇಕು. ನುಂಗಿದ ಚಿನ್ನವನ್ನು ಎಕ್ಸ್‌ರೇ ಹಿಡಿದು ಕಾಣಬೇಕಾದರೆ, ಅವನಾಗಿ ಒಪ್ಪಿ ಮೈಯೊಡ್ಡಿದ ಹೊರತು, 103ನೆಯ ಕಲಮು ಮ್ಯಾಜಿಸ್ಟ್ರೇಟರ ಅಪ್ಪಣೆಯನ್ನು ಬಯಸುತ್ತದೆ. ಹೊಟ್ಟೆಯೊಳಗಿನದನ್ನು ನೋಡುವುದಕ್ಕೆ ಇಷ್ಟು ಕಟ್ಟುಪಾಡು. ಮನಸ್ಸಿನೊಳಗಿನದನ್ನು ಹೊರಗೆಡಹುವುದಕ್ಕೆ ಪಂಚರೂ ಇಲ್ಲ, ಮ್ಯಾಜಿಸ್ಟ್ರೇಟರೂ ಇಲ್ಲ.

ಈ ಅಧಿಕಾರದ ಪ್ರಯೋಗವು ಎಂಥದೆಂದು ತಿಳಿಯಲು, ಕೊಲ್ಲಿಯ ದೇಶದಿಂದ ರಾತ್ರಿಯ ವಿಮಾನದಲ್ಲಿ ಮಂಗಳೂರಿಗೆ ಬಂದಿಳಿದು, ಗ್ರೀನ್ ಚಾನೆಲಿನಲ್ಲಿ ತಡೆಯಲ್ಪಟ್ಟ ಒಬ್ಬ ಕೂಲಿಕಾರನನ್ನು ಭಾವಿಸಿಕೊಳ್ಳೋಣ. ಪೆಟ್ಟಿಗೆ ತೆರೆದಿದೆ, ಪಂಚನಾಮೆ ಮುಗಿದಿದೆ, ಪಾಸ್‌ಪೋರ್ಟು ಮೇಜಿನ ಆ ಕಡೆಯಲ್ಲಿದೆ, ಹೊರಗೆ ಕಾದ ಮನೆಯವರಿಗೆ ಸುದ್ದಿಯಿಲ್ಲ. ಅವನಾಡುವುದು ತುಳು ಅಥವಾ ಬ್ಯಾರಿ; ಕಾಗದದ ಮೇಲೆ ಇಳಿಯುವುದು ಇಂಗ್ಲಿಷು. ಪ್ರತಿಯೊಂದು ಪುಟದ ಕೆಳಗೆ ಅವನ ಸಹಿ; ಕೊನೆಯಲ್ಲಿ, ಇದನ್ನು ನನಗೆ ಓದಿ ತಿಳಿಸಲಾಗಿದೆ, ಯಾವ ಒತ್ತಾಯ ಬೆದರಿಕೆಗಳೂ ಇಲ್ಲದೆ ಸ್ವಇಚ್ಛೆಯಿಂದ ಹೇಳಿದ್ದೇನೆ ಎಂಬ ವಾಕ್ಯ. ಅಧಿಕಾರಿಯು ಸಜ್ಜನನೇ ಇರಬಹುದು, ಕೈಯೆತ್ತದೆ, ದನಿಯೆತ್ತದೆ ಪ್ರಶ್ನಿಸಿರಬಹುದು. ಆದರೆ ಆ ವಾಕ್ಯವು ಸತ್ಯವಾದ ಹೇಳಿಕೆಯಲ್ಲಿಯೂ ಬಲವಂತದ ಹೇಳಿಕೆಯಲ್ಲಿಯೂ ಅಕ್ಷರ ತಪ್ಪದೆ ಒಂದೇ ಆಗಿರುವುದರಿಂದ, ಎರಡನ್ನೂ ಬೇರ್ಪಡಿಸಿ ತಿಳಿಯಲು ಅದರಿಂದ ಎಳ್ಳಷ್ಟೂ ಪ್ರಯೋಜನವಿಲ್ಲ. ಮರುದಿನ ಅವನು ಹೇಳಿಕೆಯನ್ನು ಹಿಂತೆಗೆದುಕೊಂಡರೆ, ಒತ್ತಾಯವಿತ್ತೆಂದು ತೋರಿಸುವ ಭಾರ ಬಹುಮಟ್ಟಿಗೆ ಅವನ ಮೇಲೆಯೇ ಬೀಳುತ್ತದೆ. ಸಾಕ್ಷಿಗಳಿಲ್ಲದ ಕೋಣೆಯಲ್ಲಿ ನಡೆದುದಕ್ಕೆ ಸಾಕ್ಷಿ ತರುವ ಬಗೆ ಹೇಗೆ? 123ನೆಯ ಕಲಮು ಚಿನ್ನಕ್ಕೂ ಗಡಿಯಾರಕ್ಕೂ ಸೀಮಿತವಾಗಿ, ಹೇಳಿ ಮಾಡಿದ ಹೊಣೆಯ ಪಲ್ಲಟವನ್ನು 108ನೆಯ ಕಲಮು ಎಲ್ಲ ಸರಕಿಗೂ, ಎಲ್ಲ ಸಂಗತಿಗೂ, ಹೇಳದೆಯೇ ಮಾಡಿಬಿಟ್ಟಿತು.

ಇದಕ್ಕೆ ವಿದ್ವಾಂಸರ ಸಮಾಧಾನವೊಂದುಂಟು: ಕಸ್ಟಮ್ಸ್ ಅಧಿಕಾರಿಯು ಪೊಲೀಸನಲ್ಲ, ಸುಂಕವನ್ನು ರಕ್ಷಿಸುವುದು ಅವನ ಧರ್ಮ, ಆದುದರಿಂದ ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ತಳ್ಳಿಹಾಕುವ ಸಾಕ್ಷ್ಯ ಅಧಿನಿಯಮದ 25ನೆಯ ಕಲಮು, ಅಂದರೆ 2023ರ ಹೊಸ ಅಧಿನಿಯಮದ 23ನೆಯದು, ಅವನಿಗೆ ತಗಲುವುದಿಲ್ಲ. ಪಂಜಾಬಿನಿಂದ ಬಂದ ಭೂ ಸುಂಕದ ಪ್ರಕರಣದಲ್ಲಿ ಆರಂಭವಾದ ಈ ವಾದವು, 1966ರಲ್ಲಿ ನಮ್ಮ ಮೈಸೂರು ರಾಜ್ಯದಿಂದಲೇ ಹೋದ ಚಿನ್ನದ ಪ್ರಕರಣದಲ್ಲಿ ಕೇಂದ್ರ ಅಬಕಾರಿ ಅಧಿಕಾರಿಗೂ ವಿಸ್ತರಿಸಿ, 1968ರ ಪಶ್ಚಿಮ ಬಂಗಾಳದ ಪ್ರಕರಣದಲ್ಲಿ ಸ್ಥಿರಪಟ್ಟಿತು. ಮೈಸೂರಿನ ಪ್ರಕರಣ ಮುಂದಿಟ್ಟ ಒರೆಗಲ್ಲು ಪೊಲೀಸರಂತೆ ದೋಷಾರೋಪಣ ಪತ್ರವನ್ನು ಸಲ್ಲಿಸುವ ಅಧಿಕಾರವಿದೆಯೇ ಎಂಬುದು. ಕಸ್ಟಮ್ಸಿನವರು ಸಲ್ಲಿಸುವುದು ಬರಿಯ ಫಿರ್ಯಾದಾದುದರಿಂದ ಅವರು ಪೊಲೀಸರಲ್ಲ. ಈ ತರ್ಕವನ್ನು ಮೆಚ್ಚಿ ಬರೆದವರನ್ನು ನಾನು ಕೇಳುವುದಿಷ್ಟೇ: 25ನೆಯ ಕಲಮು ಹುಟ್ಟಿದುದು ಪೊಲೀಸರು ನ್ಯಾಯಾಲಯಕ್ಕೆ ಕಳುಹುವ ಕಾಗದಕ್ಕೆ ಹೆದರಿಯೋ, ಅಥವಾ ಹಿಡಿದವನೇ ಪ್ರಶ್ನಿಸುವವನೂ ಆದಾಗ ಬಾಯಿಂದ ಹೊರಬೀಳುವ ಮಾತು ನಂಬಿಕೆಗೆ ಅರ್ಹವಲ್ಲವೆಂಬ ಅನುಭವದಿಂದಲೋ? ಕಸ್ಟಮ್ಸ್ ಅಧಿಕಾರಿಯು ಶೋಧಿಸಬಲ್ಲ, ಜಪ್ತಿಮಾಡಬಲ್ಲ, 104ನೆಯ ಕಲಮಿನಂತೆ ಬಂಧಿಸಬಲ್ಲ. ಪಂಜಾಬಿನ ಪ್ರಕರಣದಲ್ಲಿಯೇ ಭಿನ್ನಮತವನ್ನು ಬರೆದ ನ್ಯಾಯಮೂರ್ತಿ ಸುಬ್ಬರಾಯರು ಹೆಸರನ್ನು ಬಿಟ್ಟು ಕಾರ್ಯವನ್ನು ನೋಡಿದರು. ಅವರ ದೃಷ್ಟಿಯೇ ಸರಿಯಾದುದೆಂದು ನಾನು ನಂಬುತ್ತೇನೆ. 2020ರಲ್ಲಿ ಮಾದಕವಸ್ತುಗಳ ಕಾನೂನಿನ ಸಂಬಂಧವಾಗಿ ಬಹುಮತದ ತೀರ್ಪು ಇಂಥ ಹೇಳಿಕೆಗಳನ್ನು ತಳ್ಳಿಹಾಕಿತಾದರೂ, ಕಸ್ಟಮ್ಸ್ ಕಾನೂನಿನ ಮುಖ್ಯೋದ್ದೇಶ ಸುಂಕವೆಂದು ಅದನ್ನು ಬೇರೆಯಾಗಿಯೇ ಇರಿಸಿತು.

ಕೌಟಿಲ್ಯನನ್ನು ಮುಂದೊಡ್ಡುವ ಮತ್ತೊಂದು ಪಂಗಡವುಂಟು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಶಾಮಶಾಸ್ತ್ರಿಗಳ ಕೈಸೇರಿ 1909ರಲ್ಲಿ ಅಚ್ಚಾದ ಅವನ ಅರ್ಥಶಾಸ್ತ್ರದಲ್ಲಿ ಶುಲ್ಕಾಧ್ಯಕ್ಷನಿಗೆ ಇದಕ್ಕಿಂತ ಉಗ್ರವಾದ ಅಧಿಕಾರವಿತ್ತೆಂಬುದು ಅವರ ವಾದ. ಆ ಅಧ್ಯಾಯವನ್ನು ಅವರು ಗಮನವಿಟ್ಟು ಓದಿದಂತೆ ಕಾಣುವುದಿಲ್ಲ. ಮಹಾದ್ವಾರದ ಬಳಿಯ ಸುಂಕದ ಕಟ್ಟೆಯಲ್ಲಿ ವರ್ತಕನು ಯಾರು, ಎಲ್ಲಿಂದ ಬಂದ, ಸರಕೆಷ್ಟು, ಮುದ್ರೆ ಎಲ್ಲಿ ಬಿತ್ತು ಎಂಬಿವನ್ನು ಬರೆದುಕೊಳ್ಳುವರು. ಮುದ್ರೆಯಿಲ್ಲದಿದ್ದರೆ ಎರಡರಷ್ಟು, ಕೂಟಮುದ್ರೆಯಾದರೆ ಎಂಟರಷ್ಟು ದಂಡ. ಸಾರ್ಥದ ಸರಕಿನ ಮಾಹಿತಿಯನ್ನು ವರ್ತಕನ ವೇಷದ ಚಾರನು ಮೊದಲೇ ಅರಸನಿಗೆ ಮುಟ್ಟಿಸುವನು. ಅಧ್ಯಕ್ಷನು ಅದನ್ನು ವರ್ತಕನಿಗೆ ಹೇಳಿ, ಬಚ್ಚಿಡಬೇಡವೆನ್ನುವನು. ಕಟ್ಟೆಯಲ್ಲಿ ಅರಿವು ಅಧಿಕಾರಿಯಿಂದ ವರ್ತಕನ ಕಡೆಗೆ ಹರಿಯುತ್ತದೆಯೇ ಹೊರತು ವರ್ತಕನ ಬಾಯಿಂದ ಅಧಿಕಾರಿಯ ಕಡೆಗೆ ಅಲ್ಲ. ಕೌಟಿಲ್ಯನು ದಯಾಳುವಾಗಿರಲಿಲ್ಲ, ಕಳ್ಳರನ್ನು ಹಿಂಸಿಸಿ ಬಾಯಿಬಿಡಿಸುವ ವಿಧಾನಗಳನ್ನು ಬೇರೊಂದು ಅಧಿಕರಣದಲ್ಲಿ ಅವನೇ ವಿವರಿಸಿದ್ದಾನೆ. ಆದರೆ ಶುಲ್ಕಾಧ್ಯಕ್ಷನ ಅಧ್ಯಾಯದಲ್ಲಿ ಅವನು ನೆಚ್ಚಿದುದು ಮುದ್ರೆಯನ್ನೂ ತೂಕವನ್ನೂ ಚಾರನನ್ನೂ.

ಕಸ್ಟಮ್ಸ್ ಅಧಿಕಾರಿಗಳ ಸೇವೆಯನ್ನು ನಾನು ಅಲ್ಪವೆಂದೆಣಿಸುವುದಿಲ್ಲ. ಚಿನ್ನವನ್ನೂ ಮಾದಕವಸ್ತುಗಳನ್ನೂ ದೇವಾಲಯದ ಮೂರ್ತಿಗಳನ್ನೂ ಕಾಡಿನ ಜೀವಿಗಳನ್ನೂ ಗಡಿಯಲ್ಲಿ ಹಿಡಿಯುವ ಕಾರ್ಯವು ದೇಶಕ್ಕೆ ಅವಶ್ಯಕವಾದುದು. ದಾಖಲೆಗಳನ್ನೂ ಸಾಕ್ಷಿಗಳನ್ನೂ ತರಿಸಿಕೊಳ್ಳುವ ಅಧಿಕಾರವಿಲ್ಲದೆ ಅದು ನಡೆಯದು. ಬಂಧಿತನ ವಿಚಾರಣೆಯಲ್ಲಿ ಕಣ್ಣಿಗೆ ಕಾಣುವಷ್ಟು, ಮಾತು ಕೇಳದಷ್ಟು ದೂರದಲ್ಲಿ ವಕೀಲನಿರಬಹುದೆಂದು ಸರ್ವೋಚ್ಚ ನ್ಯಾಯಾಲಯವು 2025ರ ಫೆಬ್ರವರಿಯಲ್ಲಿ ಹೇಳಿದುದು ಸ್ವಾಗತಾರ್ಹವೇ. ಆದರೆ ಹೇಳಿಕೆಯು ಬಹುತೇಕ ಬಂಧನಕ್ಕೆ ಮುಂಚೆಯೇ ಮುಗಿದಿರುವುದರಿಂದ ಆ ವಕೀಲನು ಬರುವಷ್ಟರಲ್ಲಿ ಸಹಿ ಬಿದ್ದಿರುತ್ತದೆ. ಬೇಕಾದುದು ಕಲಮಿನ ತಿದ್ದುಪಡಿ: ಸಂಶಯಕ್ಕೆ ಗುರಿಯಾದವನ ಹೇಳಿಕೆಯು ಅವನ ನುಡಿಯಲ್ಲಿಯೇ, ವಕೀಲನ ಸಮಕ್ಷಮದಲ್ಲಿ, ಧ್ವನಿಚಿತ್ರಗಳೊಡನೆ ದಾಖಲಾಗಬೇಕು, ಅದು ತನಿಖೆಗೆ ದಾರಿ ತೋರಿಸಲಿ, ಶಿಕ್ಷೆಗೆ ಆಧಾರವಾಗಕೂಡದು. ಸರಕನ್ನು ತೂಗಬಲ್ಲ, ಕಾಗದಗಳನ್ನು ಒರೆಹಚ್ಚಬಲ್ಲ, ಹಣದ ಜಾಡನ್ನು ಹಿಡಿಯಬಲ್ಲ ಸಮರ್ಥ ಅಧಿಕಾರಿಗೆ ಇದರಿಂದ ನಷ್ಟವೇನೂ ಇಲ್ಲ. ನಷ್ಟವಾಗುವುದು ಅಷ್ಟು ಶ್ರಮಪಡಲೊಲ್ಲದೆ ಒಂದು ಸಹಿಯನ್ನೇ ನೆಚ್ಚಿ ಕುಳಿತವನಿಗೆ, ಅದೂ ನ್ಯಾಯವಾದ ನಷ್ಟವೇ.