ಮೂಲ-ವ್ಯಾಖ್ಯಾನಗಳ ನಡುವಣ ಗೆರೆ

ಮೂಲವನ್ನೂ ವ್ಯಾಖ್ಯಾನವನ್ನೂ ಒಟ್ಟಿಗೆ ಕಣ್ಣೆದುರಿಗಿಟ್ಟುಕೊಂಡು ಓದುವುದು ನಮ್ಮ ಪಾಠಕ್ರಮದಲ್ಲಿ ಹಳೆಯ ಪದ್ಧತಿ. ತ್ರಿಪಾಠವೆಂಬ ವಿನ್ಯಾಸದ ಹಸ್ತಪ್ರತಿಗಳಲ್ಲಿ ಮೂಲವು ಪತ್ರದ ನಡುವೆಯೂ ವ್ಯಾಖ್ಯಾನವು ಅದರ ಮೇಲೂ ಕೆಳಗೂ ಇರುವುದನ್ನು ವಿದ್ವಾಂಸರು ಬಲ್ಲರು. ಅಲ್ಲಿ ಯಾವುದಕ್ಕೆ ಎಷ್ಟು ಸ್ಥಳವೆಂಬುದು ಲಿಪಿಕಾರನ ನಿರ್ಣಯ. ವೆಬ್ ಪುಟದಲ್ಲಾದರೋ ಈ ಅಧಿಕಾರವನ್ನು ಓದುಗನಿಗೇ ಕೊಡಬಹುದು. ನಡುವಣ ಗೆರೆಯನ್ನು ಸರಿಸಿ ಒಂದು ಅಂಕಣವನ್ನು ಹಿಗ್ಗಿಸಿ ಮತ್ತೊಂದನ್ನು ಕುಗ್ಗಿಸುವ ಈ ರಚನೆಗೆ ಸ್ಪ್ಲಿಟ್ ಪ್ಯಾನೆಲ್ ಎಂದು ಹೆಸರು. ಇದರ ಗುಣದೋಷವಿವೇಚನೆಯೇ ಪ್ರಕೃತ ವಿಷಯ.

1997ರ ಎಚ್‌ಟಿಎಂಎಲ್ 4.0 ಫ್ರೇಮ್‌ಸೆಟ್ ಎಂಬ ಉಪಾಯವನ್ನು ಅಂಗೀಕರಿಸಿತ್ತು. ಅದರಲ್ಲಿ ಒಂದೊಂದು ಚೌಕಟ್ಟೂ ಪ್ರತ್ಯೇಕ ಪುಟ. ಓದುಗನು ಕಾಣುತ್ತಿದ್ದ ಜೋಡಿಗೆ ತನ್ನದೇ ಆದ ವಿಳಾಸವಿಲ್ಲದುದರಿಂದ ಗುರುತಿಟ್ಟು ಅಲ್ಲಿಗೇ ಮರಳುವುದು ಕಷ್ಟವಾಗಿತ್ತು. 2014ರ ಎಚ್‌ಟಿಎಂಎಲ್5 ಇದನ್ನು ತ್ಯಜಿಸಿದುದು ಯುಕ್ತವೇ ಸರಿ. ಈಗ ಒಂದೇ ಪುಟದೊಳಗೆ ಸಿಎಸ್‌ಎಸ್‌ನ ಫ್ಲೆಕ್ಸ್ ಅಥವಾ ಗ್ರಿಡ್ ವಿಧಾನದಿಂದ ಅಂಕಣಗಳನ್ನು ಏರ್ಪಡಿಸುತ್ತಾರೆ.

ಇದರಲ್ಲಿಯೂ ಒಂದು ದೋಷವುಂಟು. ಫ್ಲೆಕ್ಸ್ ಅಂಕಣವು ತನ್ನೊಳಗಿನ ಅತಿ ದೀರ್ಘವಾದ ಪದಕ್ಕಿಂತ ಕಿರಿದಾಗಲು ಸಹಜವಾಗಿ ಒಪ್ಪುವುದಿಲ್ಲ. ನಮ್ಮ ಸಮಾಸಪದಗಳೋ ಸಾಲನ್ನೇ ತುಂಬುವಂಥವು! ಆದುದರಿಂದ ಅಂಕಣದ ಕನಿಷ್ಠ ಅಗಲವನ್ನು ಸೊನ್ನೆಯೆಂದು ವಿಧಿಸಿ, ದೀರ್ಘಪದವು ಮುರಿಯಲು ಅನುಮತಿ ಕೊಡದಿದ್ದರೆ ಗೆರೆಯು ಸರಿಯದೆ ನಿಲ್ಲುತ್ತದೆ.

ಗೆರೆಯು ಕೇವಲ ಅಲಂಕಾರ, ಮೌಸಿನಿಂದ ಎಳೆಯಲು ಬಂದರೆ ಸಾಕು ಎಂದು ಕೆಲವರು ವಾದಿಸಬಹುದು. ಈ ಪೂರ್ವಪಕ್ಷವು ನಿಲ್ಲದು. ಕಣ್ಣಿಲ್ಲದ ವಿದ್ಯಾರ್ಥಿಯೂ ಕೈ ನಡುಗುವ ವೃದ್ಧ ಅಧ್ಯಾಪಕನೂ ಓದುಗರೇ ಅಲ್ಲವೆ? 2017ರ ಏರಿಯಾ 1.1 ನಿಯಮದಂತೆ, ಕೀಲಿಮಣೆಯಿಂದ ತಲುಪಬಹುದಾದ ಸೆಪರೇಟರು ತಾನು ಈಗ ಎಲ್ಲಿದೆಯೆಂಬ ಬೆಲೆಯನ್ನು ಹೇಳಲೇಬೇಕು. ಆಗ ತೆರೆಯನ್ನು ಓದಿ ಹೇಳುವ ಯಂತ್ರವು ಅದನ್ನು ಉಚ್ಚರಿಸಬಲ್ಲದು. ಬಾಣದ ಕೀಲಿಗಳಿಂದ ಅದು ಸರಿಯಬೇಕು. ಎಂಟರ್ ಒತ್ತಿದರೆ ಅಂಕಣವು ಮಡಿಸಿಕೊಂಡು, ಮತ್ತೆ ಒತ್ತಿದರೆ ಮೊದಲಿನಂತಾಗಬೇಕು. ಎಳೆಯದೆಯೇ ಒಂದೊಂದು ಸ್ಪರ್ಶದಿಂದ ಅದೇ ಕಾರ್ಯ ಸಾಧ್ಯವಾಗಬೇಕೆಂಬುದು 2023ರ ಡಬ್ಲ್ಯೂಸಿಎಜಿ 2.2ರ ವಿಧಿ, ಗೆರೆಯ ಪಕ್ಕದಲ್ಲಿ ಎರಡು ಸಣ್ಣ ಗುಂಡಿಗಳನ್ನಿಟ್ಟರೆ ಅದು ನೆರವೇರುತ್ತದೆ.

ಆದಕಾರಣ ಈ ರಚನೆಯ ಯೋಗ್ಯತೆಯನ್ನು ಅಂಕಣಗಳ ಅಂದದಿಂದ ಅಳೆಯಲಾಗದು. ಲಿಪಿಕಾರನ ಅಧಿಕಾರವನ್ನು ಓದುಗನಿಗೆ ಒಪ್ಪಿಸಿದೆವೆಂದು ಹೇಳಿಕೊಂಡು, ಗಟ್ಟಿ ಕೈಯೂ ತೀಕ್ಷ್ಣ ಕಣ್ಣೂ ಉಳ್ಳವನಿಗೆ ಮಾತ್ರ ಒಪ್ಪಿಸುವುದು ಅರ್ಧದಾನ. ಗೆರೆಯು ಎಲ್ಲರ ಮಾತನ್ನೂ ಕೇಳುವುದಾದರೆ ಮಾತ್ರ ಮೂಲ-ವ್ಯಾಖ್ಯಾನಗಳೆರಡೂ ಎಲ್ಲರ ಸ್ವತ್ತಾಗುವುವು.