ಕುಬಸ: ಗುಣದೋಷ ವಿಚಾರ

ಕಾವ್ಯನಾಟಕಗಳನ್ನಷ್ಟೇ ವಿಮರ್ಶೆಯ ಒರೆಗೆ ಹಚ್ಚುವುದು ನಮ್ಮಲ್ಲಿ ರೂಢಿಯಾಗಿದ್ದರೂ, ಒಂದು ಜನಸಮುದಾಯವು ತಲೆಮಾರುಗಳ ಪರ್ಯಂತ ತಿದ್ದುತ್ತ, ಕೂಡಿಸುತ್ತ, ಕಳೆಯುತ್ತ ಉಳಿಸಿಕೊಂಡು ಬಂದ ಆಚಾರವೂ ತನ್ನ ಮಟ್ಟಿಗೆ ಒಂದು ಕೃತಿಯೇ ಆಗಿರುವುದರಿಂದ, ಅದರ ರೂಪವೇನು, ಉದ್ದೇಶವೇನು, ಆ ಉದ್ದೇಶವನ್ನು ಆ ರೂಪವು ಎಷ್ಟರಮಟ್ಟಿಗೆ ಸಾಧಿಸುತ್ತದೆ ಎಂದು ಕೇಳುವ ಅಧಿಕಾರ ವಿಮರ್ಶಕನಿಗೆ ಇದ್ದೇ ಇದೆ. ಗದಗಿಗೆ ಅನತಿದೂರದಲ್ಲಿರುವ ಹೊಂಬಳದಲ್ಲಿಯೂ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಸುತ್ತಣ ಊರುಗಳಲ್ಲಿಯೂ ಚೊಚ್ಚಲ ಬಸುರಿಗೆ ಮಾಡುವ ಕುಬಸದ ಕಾರ್ಯವನ್ನು ಈ ದೃಷ್ಟಿಯಿಂದ ಪರಾಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ. ಗೃಹ್ಯಸೂತ್ರಗಳು ವಿಧಿಸಿದ ಸೀಮಂತೋನ್ನಯನಕ್ಕೂ ಇದಕ್ಕೂ ಬಾಂಧವ್ಯವಿರುವುದು ನಿಜ. ಆದರೆ ಅಲ್ಲಿ ಮಂತ್ರವೂ ಪುರೋಹಿತನೂ ಮುಖ್ಯ, ಇಲ್ಲಿ ಅಡಿಗೆಯೂ ಹೆಂಗಸರೂ ಮುಖ್ಯ.

ಐದನೆಯದೋ ಏಳನೆಯದೋ ಒಂಬತ್ತನೆಯದೋ, ಅಂತೂ ಬೆಸ ತಿಂಗಳೊಂದರಲ್ಲಿ ಒಳ್ಳೆಯ ದಿನ ನೋಡಿ ತವರಿನವರು ಬುತ್ತಿಯ ಗಂಟುಗಳೊಡನೆ ಬೀಗರ ಮನೆಗೆ ಬರುತ್ತಾರೆ. ಪಡಸಾಲೆಯಲ್ಲಿ ಹಸಿರು ಸೀರೆಯುಟ್ಟು, ಮುಡಿಗೆ ಮಲ್ಲಿಗೆಯ ದಂಡೆ ಕಟ್ಟಿಸಿಕೊಂಡು, ಮುಂಗೈ ತುಂಬ ಹಸಿರು ಗಾಜಿನ ಬಳೆ ಇಡಿಸಿಕೊಂಡು ಬಸುರಿ ಕುಳಿತಿರಲು, ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಗುಳೇದಗುಡ್ಡದ ಖಣದೊಡನೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು, ಅಡಿಕೆಗಳನ್ನು ಅವಳ ಉಡಿಗೆ ಹಾಕುತ್ತಾರೆ, ಆರತಿಯಾಗುತ್ತದೆ, ಹಾಡಾಗುತ್ತದೆ. ತರುವಾಯ ಅವಳ ಮುಂದೆ ಬಡಿಸುವ ತಾಟನ್ನು ಸಾವಧಾನವಾಗಿ ನೋಡತಕ್ಕದ್ದು: ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಮೊಳಕೆಯೊಡೆದ ಮಡಕಿಕಾಳಿನ ಪಲ್ಯ, ಹೆಸರುಕಾಳು, ಗಟ್ಟಿ ಮೊಸರು ಕಲಸಿದ ಬುತ್ತಿ, ಹೋಳಿಗೆ, ಕರ್ಚಿಕಾಯಿ, ತುಪ್ಪ.

ಈ ತಾಟಿನ ರಚನೆಯಲ್ಲಿಯೇ ಕುಬಸದ ಮೊದಲನೆಯ ಗುಣವು ಅಡಗಿದೆ. ಬಹುಮಟ್ಟಿಗೆ ಸುತ್ತಣ ಹೊಲಗಳ ಬೆಳೆಗಳನ್ನೇ ನೆಚ್ಚಿ, ಎಳ್ಳಿನಿಂದ ಸುಣ್ಣದ ಅಂಶವನ್ನೂ, ಸಜ್ಜೆಯಿಂದ ಕಬ್ಬಿಣದ ಅಂಶವನ್ನೂ, ಕಾಳುಗಳಿಂದ ಸಸಾರಜನಕವನ್ನೂ ಒಂದೇ ಊಟದಲ್ಲಿ ಕೂಡಿಸಿದ ಈ ಪಾಕಕ್ರಮವನ್ನು ಆಹಾರಶಾಸ್ತ್ರದ ಪಂಡಿತನೊಬ್ಬನು ಲೆಕ್ಕ ಹಾಕಿ ರಚಿಸಿದ್ದರೂ ಇದಕ್ಕಿಂತ ಬಹಳ ಮೇಲಾದುದನ್ನು ರಚಿಸುತ್ತಿದ್ದನೆಂದು ತೋರುವುದಿಲ್ಲ. ಎರಡನೆಯ ಗುಣವು ಸಾಮಾಜಿಕವಾದುದು. ಎಲ್ಲರಿಗೂ ಬಡಿಸಿ ಕಡೆಗೆ ಉಳಿದುದನ್ನು ಉಣ್ಣುವ ಸೊಸೆಯು ಅಂದು ಎಲ್ಲರಿಗಿಂತ ಮೊದಲು ಉಣ್ಣುತ್ತಾಳೆ; ‘ನಿನಗೇನು ಬೇಕು’ ಎಂಬ ಪ್ರಶ್ನೆಯನ್ನು ಅವಳಿಗೆ ಕೇಳುವುದೇ ಅಂದಿನ ವಿಧಿಯಾಗಿರುತ್ತದೆ. ಹಲಸಂಗಿಯ ಗೆಳೆಯರು 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಎಂಬ ಜನಪದ ಹಾಡುಗಳ ಸಂಕಲನವನ್ನು ಓದಿದವರಿಗೆ, ತವರಿನ ಹಂಬಲವೂ ಬಸುರಿನ ಬಯಕೆಯೂ ಈ ನಾಡಿನ ಹೆಣ್ಣುಮಕ್ಕಳ ಮನಸ್ಸಿನಲ್ಲಿ ಎಷ್ಟು ಹತ್ತಿರ ಹತ್ತಿರ ನೆಲೆಸಿವೆಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟನ್ನು ಒಪ್ಪಿದ ಮೇಲೆ ದೋಷಗಳ ಕಡೆಗೆ ತಿರುಗಬೇಕು. ಅವುಗಳಲ್ಲಿ ಪ್ರಧಾನವಾದುದು ಕಾಲಕ್ಕೆ ಸಂಬಂಧಪಟ್ಟದ್ದು. ಕುಬಸವು ಏಳನೆಯ ತಿಂಗಳಲ್ಲಾದರೆ, ಆ ಒಂದು ದಿನದ ಸಮೃದ್ಧಿಯು ಹಿಂದಿನ ಆರು ತಿಂಗಳ ಕೊರತೆಯನ್ನು ತುಂಬಲಾರದು. ಗರ್ಭಾವಸ್ಥೆಯ ಅವಧಿಯಲ್ಲಿ ಹೆಣ್ಣಿನ ಮೈಯಲ್ಲಿ ರಕ್ತದ ಪ್ರಮಾಣವು ಶೇಕಡಾ 40ಕ್ಕೂ ಮಿಕ್ಕಿ ಹೆಚ್ಚುವುದರಿಂದ ಕಬ್ಬಿಣದ ಬೇಡಿಕೆಯು ದಿನದಿನಕ್ಕೂ ಏರುತ್ತ ಹೋಗುತ್ತದೆ. 2019-20ರಲ್ಲಿ ಕರ್ನಾಟಕದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಗರ್ಭಿಣಿಯರಲ್ಲಿ ಶೇಕಡಾ 45ಕ್ಕೂ ಹೆಚ್ಚು ಮಂದಿ ರಕ್ತಹೀನತೆಯಿಂದ, ಅಂದರೆ ಒಂದು ಡೆಸಿಲೀಟರ್ ರಕ್ತದಲ್ಲಿ 11 ಗ್ರಾಮಿಗಿಂತ ಕಡಿಮೆ ಹಿಮೋಗ್ಲೋಬಿನ್ ಇರುವ ಸ್ಥಿತಿಯಿಂದ, ಬಳಲುತ್ತಿದ್ದರು; ನಾಲ್ಕೈದು ವರ್ಷ ಹಿಂದಿನ ಸಮೀಕ್ಷೆಯಲ್ಲಿಯೂ ಈ ಸಂಖ್ಯೆ ಬಹುಮಟ್ಟಿಗೆ ಇಷ್ಟೇ ಇದ್ದಿತು. 2019-20ರ ಸಮೀಕ್ಷೆಯಂತೆಯೇ ನೂರಕ್ಕೆ ತೊಂಬತ್ತೇಳು ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತಿದ್ದವು. ಹೆರಿಗೆಯು ಆಸ್ಪತ್ರೆಗೆ ಹೋಯಿತು, ರಕ್ತವು ಮಾತ್ರ ಹೆಚ್ಚಲಿಲ್ಲ. ಅಂದಮೇಲೆ ಕೊರತೆಯಿರುವುದು ಹೆರಿಗೆಯ ಕೋಣೆಯಲ್ಲಿ ಮಾತ್ರವಲ್ಲ, ಅದಕ್ಕೂ ಹಿಂದಿನ ತಿಂಗಳುಗಳ ಅಡಿಗೆಮನೆಯಲ್ಲಿಯೂ ಹೌದು.

ಎರಡನೆಯ ದೋಷವು ಆ ಪಡಸಾಲೆಯಲ್ಲಿ ಆಡುವ ಮಾತಿನದು. ಹಡೆದ ಅನುಭವವುಳ್ಳ ಹತ್ತಿಪ್ಪತ್ತು ಹೆಂಗಸರು ಒಂದೆಡೆ ಸೇರುವ ಈ ಸಂದರ್ಭವು ಚೊಚ್ಚಲ ಬಸುರಿಯ ಸಂದೇಹಗಳಿಗೆ ಪರಿಹಾರ ದೊರೆಯಬೇಕಾದ ಸಭೆಯಾಗಬಹುದಾಗಿತ್ತು. ಆದರೆ ಅಲ್ಲಿ ಪ್ರಶ್ನೆ ಹುಟ್ಟುವ ಮೊದಲೇ ಉತ್ತರಗಳು ಸುರಿಯುತ್ತವೆ. “ಆ ಕೆಂಪು ಗುಳಿಗಿ ನುಂಗಬ್ಯಾಡವ್ವಾ, ಕೂಸು ಕರ್ರಗ ಹುಟ್ಟತೈತಿ” ಎಂದು ಒಬ್ಬಳು. “ಹೊಟ್ಟಿ ತುಂಬ ಉಂಡ್ರ ಕೂಸು ದೊಡ್ಡದಾಗಿ ಹಡಿಯಾಕ ಬಾಳ ತ್ರಾಸ ಅಕ್ಕೈತಿ” ಎಂದು ಇನ್ನೊಬ್ಬಳು. ಪ್ರೀತಿಯಿಂದಲೇ ಹೊರಡುವ ಈ ಎರಡು ಮಾತುಗಳಷ್ಟು ಹಾನಿಕರವಾದ ಮಾತು ಬೇರೊಂದಿಲ್ಲ. ಕಬ್ಬಿಣದ ಗುಳಿಗೆಗೂ ಕೂಸಿನ ಮೈಬಣ್ಣಕ್ಕೂ ಯಾವ ಸಂಬಂಧವೂ ಇಲ್ಲ. ಗುಳಿಗೆಯಿಂದ ಕಪ್ಪಾಗುವುದು ತಾಯಿಯ ಮಲ ಮಾತ್ರ, ಅದೂ ನಿರಪಾಯಕರ. ಹೊಟ್ಟೆ ತೊಳಸುವುದು, ಮಲಬದ್ಧತೆ ಇವು ಕೆಲವರಿಗೆ ಉಂಟಾಗುವುದು ನಿಜವಾದರೂ, ಗುಳಿಗೆಯನ್ನು ಊಟವಾದ ಮೇಲೆ ರಾತ್ರಿ ತೆಗೆದುಕೊಂಡು, ನೀರು, ಸೊಪ್ಪು, ಹಣ್ಣುಗಳನ್ನು ಹೆಚ್ಚಿಸಿದರೆ ಅವು ಬಹುಮಟ್ಟಿಗೆ ತಗ್ಗುತ್ತವೆ. ನಿಂಬೆಹಣ್ಣಿನ ಹುಳಿ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ, ಚಹಾ ತಡೆಯುತ್ತದೆ. ಸುಣ್ಣದ ಗುಳಿಗೆಯನ್ನು ಅದರೊಡನೆ ನುಂಗದೆ ಬೇರೆ ಹೊತ್ತಿನಲ್ಲಿ ನುಂಗುವುದು ಮೇಲು. ಆರು ತಿಂಗಳ ಕಾಲ ದಿನಕ್ಕೊಂದರಂತೆ 180 ಗುಳಿಗೆ ನುಂಗಬೇಕೆಂಬ ಸರಕಾರದ ವಿಧಿಯು, ಊಟವಾದೊಡನೆ ಚಹಾ ಕುಡಿಯುವ ನಮ್ಮ ಮನೆಗಳಲ್ಲಿ ಅರ್ಧ ವ್ಯರ್ಥವಾಗುವುದು ಇಂಥ ಸಣ್ಣ ಸಂಗತಿಗಳನ್ನು ಯಾರೂ ತಿಳಿಯಹೇಳದಿರುವುದರಿಂದ. ಇನ್ನು ಕಡಿಮೆ ಉಣ್ಣುವ ಉಪದೇಶದ ಫಲವೆಂದರೆ ತೂಕವಿಲ್ಲದ ಕೂಸು ಮತ್ತು ತ್ರಾಣವಿಲ್ಲದ ತಾಯಿ.

ಎಲ್ಲ ನಿಷೇಧಗಳೂ ಸಮಾನವಾಗಿ ನಿರಾಧಾರವೆಂದು ಹೇಳುವುದೂ ವಿಮರ್ಶೆಯಾಗದು. ಹಸಿ ಪಪ್ಪಾಯಿಯ ಹಾಲಿನಲ್ಲಿ ಗರ್ಭಕೋಶವನ್ನು ಕೆರಳಿಸಬಲ್ಲ ಅಂಶವಿರುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿರುವುದರಿಂದ ಕಾಯಿಯನ್ನು ಬಿಡುವುದು ಯುಕ್ತವೇ. ಚೆನ್ನಾಗಿ ಮಾಗಿದ ಹಣ್ಣಿನ ನಾಲ್ಕು ಹೋಳುಗಳಿಗೆ ಆ ಭಯ ಸಲ್ಲದು. ಗ್ರಹಣದಿಂದ ಶಿಶುವಿನ ತುಟಿ ಸೀಳುವುದಿಲ್ಲ. ಗ್ರಹಣದ ಹೆಸರಿನಲ್ಲಿ ಬಸುರಿಯನ್ನು ಅನ್ನನೀರಿಲ್ಲದೆ ಗಂಟೆಗಟ್ಟಲೆ ಕತ್ತಲೆಯ ಕೋಣೆಯಲ್ಲಿ ಕೂಡಿಸಿದರೆ ತೊಂದರೆಯಾಗುವುದುಂಟು. ‘ಹೊಲಕ್ಕೆ ಹೋಗಬಹುದೇ’ ಎಂಬುದು ಹೊಂಬಳದಂಥ ಊರಿನ ನಿಜವಾದ ಪ್ರಶ್ನೆ: ಆಯಾಸವಾಗದಷ್ಟು ನಡೆಯುವುದರಿಂದ, ಹಗುರವಾದ ಕೆಲಸದಿಂದ ಕೇಡಿಲ್ಲ, ಆದರೆ ತುಂಬಿದ ಕೊಡ ಹೊರುವುದು, ಹೊತ್ತುಗಟ್ಟಲೆ ಬಗ್ಗಿ ಹೆಸರುಕಾಯಿ ಬಿಡಿಸುವುದು, ಹತ್ತಿಗೆ ಕೀಟನಾಶಕದ ಎಣ್ಣೆ ಹೊಡೆಯುವಾಗ ಹೊಲದಲ್ಲಿರುವುದು ವರ್ಜ್ಯ. ಪಥ್ಯದ ಪಟ್ಟಿಯನ್ನು ಬಾಯಿಪಾಠ ಒಪ್ಪಿಸುವ ಹಿರಿಯರು ಈ ಮೂರನ್ನು ಕುರಿತು ಮಾತ್ರ ಸಾಮಾನ್ಯವಾಗಿ ಮೌನವಾಗಿರುವುದು ಆಕಸ್ಮಿಕವಲ್ಲ. ಬಾಳೆಹಣ್ಣನ್ನು ನಿಷೇಧಿಸಿದರೆ ಮನೆಗೆ ನಷ್ಟವಿಲ್ಲ, ಸೊಸೆಯ ದುಡಿಮೆಯನ್ನು ನಿಷೇಧಿಸಿದರೆ ಉಂಟು. ಧಾರವಾಡದಲ್ಲಿ ಕೆಲಕಾಲ ವೈದ್ಯವೃತ್ತಿ ನಡೆಸಿದ ಕಾದಂಬರಿಕಾರ್ತಿ ಡಾ. ಅನುಪಮಾ ನಿರಂಜನ ಅವರು ‘ತಾಯಿ-ಮಗು’ವಿನಂಥ ಪುಸ್ತಕವನ್ನು ಕನ್ನಡದಲ್ಲಿ ಬರೆದುದು, ಅದು ಮನೆಮನೆಗಳಲ್ಲಿ ಓದಿಸಿಕೊಂಡುದು, ಕೇಳಲು ಸಂಕೋಚಪಡುವ ಪ್ರಶ್ನೆಗಳು ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟೊಂದು ಇದ್ದವೆಂಬುದಕ್ಕೆ ಸಾಕ್ಷಿ.

ಮೂರನೆಯ ದೋಷವು ಔಚಿತ್ಯಕ್ಕೆ ಸಂಬಂಧಿಸಿದ್ದು. ಉಡಿ ತುಂಬುವ ಅಧಿಕಾರ ಮುತ್ತೈದೆಯರಿಗೆ ಮಾತ್ರವಿರುವುದರಿಂದ, ವಿಧವೆಯಾದ ತಾಯಿಯು ತಾನೇ ಹೆತ್ತ ಮಗಳ ಕುಬಸದಲ್ಲಿ ಬಾಗಿಲ ಮರೆಯಲ್ಲಿ ನಿಲ್ಲಬೇಕಾಗುತ್ತದೆ. ಬಾಣಂತನದ ಸಮಸ್ತ ಭಾರವನ್ನು ಹೊರತಕ್ಕವಳನ್ನೇ ಮಂಗಳಕಾರ್ಯದಿಂದ ದೂರವಿಡುವ ಈ ಕ್ರಮಕ್ಕೆ ಯಾವ ಸಮರ್ಥನೆಯೂ ದೊರೆಯದು. ಚೊಚ್ಚಲಿಗೆ ಇಷ್ಟು ವೈಭವವಿದ್ದು ಎರಡನೆಯ, ಮೂರನೆಯ ಬಸುರಿಗೆ ಏನೂ ಇಲ್ಲದಿರುವುದು, ಅಷ್ಟರಲ್ಲಿ ಆಕೆಯ ಮೈಯ ಸಂಚಯವು ಇನ್ನಷ್ಟು ಕರಗಿರುವ ಸಂಭವವಿರುವುದರಿಂದ, ತರ್ಕಕ್ಕೆ ವಿರುದ್ಧವಾದುದು. ಬೀಗರಿಗೆ ಉಡುಗೊರೆಯ ಆಯೇರಿ ಮಾಡಲು ಬಡ ತವರು ಸಾಲ ಮಾಡುವುದನ್ನಂತೂ ವಿಸ್ತರಿಸಿ ಬರೆಯಬೇಕಾಗಿಲ್ಲ.

ಸರಕಾರವು ಈ ಆಚಾರದ ಶಕ್ತಿಯನ್ನು ಗುರುತಿಸದೆ ಇಲ್ಲ. ಪೋಷಣ್ ಅಭಿಯಾನವು 2018ರಲ್ಲಿ ಆರಂಭವಾದ ಮೇಲೆ ಅಂಗನವಾಡಿಗಳಲ್ಲಿ ಸಾಮೂಹಿಕವಾಗಿ ಉಡಿ ತುಂಬಿ, ಸೊಪ್ಪು, ಕಾಳು, ಮೊಟ್ಟೆಗಳನ್ನು ಸಾಲಾಗಿಟ್ಟು ತಿಳಿವಳಿಕೆ ಹೇಳುವ ಸೀಮಂತಗಳು ನಡೆಯುತ್ತಿವೆ. ಅಲ್ಲಿ ಆಯೇರಿಯ ಹೊರೆಯಿಲ್ಲ, ಎರಡನೆಯ ಬಸುರಿಗೂ ಸ್ಥಾನವುಂಟು; ಆದರೆ ಸಮಾರಂಭವು ಛಾಯಾಚಿತ್ರಕ್ಕಾಗಿ ಅವಸರದಿಂದ ಮುಗಿದುಹೋಗುವುದೂ ಉಂಟು, ಉಪದೇಶವನ್ನು ಸೊಸೆಗೆ ಮಾಡಿ ಅಡಿಗೆಮನೆಯ ಒಡತಿಯಾದ ಅತ್ತೆಯನ್ನು ಮರೆಯುವುದೂ ಉಂಟು. 2017ರ ಅಕ್ಟೋಬರ್ 2ರಿಂದ ರಾಜ್ಯದಾದ್ಯಂತ ಜಾರಿಗೆ ಬಂದ ಮಾತೃಪೂರ್ಣ ಯೋಜನೆಯು ಒಂದು ದಿನದ ಬುತ್ತಿಯನ್ನು ಬಸುರಿ-ಬಾಣಂತಿಯರಿಗೆ ಅಂಗನವಾಡಿಯಲ್ಲಿ ಕೊಡುವ ನಿತ್ಯದ ಬಿಸಿಯೂಟವನ್ನಾಗಿ ಮಾಡಲು ಹೊರಟದ್ದು ಶ್ಲಾಘನೀಯವೇ ಸರಿ. ಕುಬಸದಲ್ಲಿ ಇಲ್ಲದ ಮೊಟ್ಟೆಯನ್ನು ಅದು ತಾಟಿಗೆ ತಂದಿತು. ಆದರೆ ಕುಬಸದಲ್ಲಿ ಬುತ್ತಿಯು ಬಸುರಿಯಿದ್ದಲ್ಲಿಗೆ ಬರುತ್ತದೆ, ಇಲ್ಲಿ ಬಸುರಿಯೇ ಬುತ್ತಿಯಿದ್ದಲ್ಲಿಗೆ ನಡೆಯಬೇಕಾಯಿತು. ಹೊರಸಿನ ಕೆಳಗೆ ಅಗ್ಗಿಷ್ಟಿಕೆಯಿಟ್ಟು, ಕಿವಿಗೆ ಹತ್ತಿಯಿಟ್ಟು, ಹೊಸ್ತಿಲು ದಾಟದಂತೆ ಕಾಯುವ ನಮ್ಮ ಬಾಣಂತನದ ಪದ್ಧತಿಯನ್ನು ಬಲ್ಲವರು, ಬಾಣಂತಿಯು ದಿನವೂ ಅಂಗನವಾಡಿಗೆ ಬಂದು ಉಣ್ಣುವಳೆಂದು ನಿರೀಕ್ಷಿಸುತ್ತಿರಲಿಲ್ಲ. ಆಚಾರಕ್ಕೆ ಕಾಲಜ್ಞಾನ ಸಾಲದು, ಯೋಜನೆಗೆ ಲೋಕಜ್ಞಾನ ಸಾಲದು.

ಕುಬಸದ ಬೆನ್ನಿಗೇ ಬರುವ ತವರಿನ ಪ್ರಯಾಣವನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದು ಬಸುರಿಗೆ ವಿಶ್ರಾಂತಿಯನ್ನೂ ಧೈರ್ಯವನ್ನೂ ಕೊಡುತ್ತದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಷ್ಟು ದಿನ ಅವಳನ್ನು ನೋಡುತ್ತಿದ್ದ ಆಶಾ ಕಾರ್ಯಕರ್ತೆಯೂ ವೈದ್ಯರೂ ಆ ಸಂದರ್ಭದಲ್ಲಿಯೇ ಬದಲಾಗುತ್ತಾರೆ. ಆದುದರಿಂದ ಸೀರೆಗಿಂತ ಮೊದಲು ಗಂಟಿಗೆ ಸೇರಬೇಕಾದುದು ರಕ್ತದೊತ್ತಡ, ತೂಕ, ರಕ್ತದ ಗುಂಪು, ಚುಚ್ಚುಮದ್ದುಗಳ ದಾಖಲೆಯಿರುವ ತಾಯಿ ಕಾರ್ಡು. ತವರಿನವರು ಅರಿತಿರಬೇಕಾದ ಸಂಗತಿಗಳೂ ಕೆಲವಿವೆ: ರಕ್ತಸ್ರಾವ, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈಗಳ ಬಾವು, ಫಿಟ್ಸ್, ಜ್ವರ, ದಿನವೂ ಮಿಸುಕುತ್ತಿದ್ದ ಕೂಸು ಸುಮ್ಮನಾಗುವುದು, ದಿನ ತುಂಬುವ ಮೊದಲೇ ನೀರು ಹೋಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡತಕ್ಕದ್ದು. 2018-20ರ ಲೆಕ್ಕದಂತೆ ಒಂದು ಲಕ್ಷ ಜೀವಂತ ಜನನಗಳಿಗೆ ಕರ್ನಾಟಕದಲ್ಲಿ 69 ತಾಯಂದಿರೂ ಕೇರಳದಲ್ಲಿ 19 ತಾಯಂದಿರೂ ತೀರಿಕೊಂಡರೆಂಬ ವ್ಯತ್ಯಾಸವನ್ನು ನೆನೆದರೆ, ಇಂಥ ಸಮಯದಲ್ಲಿ ಕಾಯುತ್ತ ಕಳೆವ ಒಂದೊಂದು ಗಂಟೆಯ ಬೆಲೆಯೇನೆಂಬುದು ತಿಳಿಯುತ್ತದೆ.

ಹಾಗಾದರೆ ಕುಬಸವನ್ನು ಕೈಬಿಡಬೇಕೇ? ಸರ್ವಥಾ ಅಲ್ಲ, ಅದನ್ನು ತಿದ್ದುವ ದಾರಿಯು ಆ ಸಂಪ್ರದಾಯದೊಳಗೇ ಇದೆ. ದೊಡ್ಡ ಕುಬಸಕ್ಕೂ ಮುನ್ನ, ಬಸಿರಿನ ಆರಂಭದ ತಿಂಗಳುಗಳಲ್ಲಿ, ದೃಷ್ಟಿಯಾದೀತೆಂದು ಊರಿಗೆ ಸಾರದೆ ನಾಲ್ಕಾರು ಹತ್ತಿರದ ಹೆಂಗಸರಷ್ಟೇ ಸೇರಿ ಮಾಡುವ ‘ಕಳ್ಳ ಕುಬಸ’ವೆಂಬ ಸಣ್ಣ ವಿಧಿಯು ಕೆಲವು ಮನೆತನಗಳಲ್ಲಿದೆ. ಹನ್ನೆರಡು ವಾರಗಳೊಳಗೆ ಹೆಸರು ನೋಂದಾಯಿಸಿ, ರಕ್ತವನ್ನೂ ರಕ್ತದೊತ್ತಡವನ್ನೂ ಪರೀಕ್ಷಿಸಬೇಕೆಂದು ವೈದ್ಯಶಾಸ್ತ್ರವು ಹೇಳುವ ಕಾಲವೂ ಹೆಚ್ಚುಕಡಮೆ ಅದೇ. ಗುಟ್ಟು ಕಾಯುವ ಆಸೆಯನ್ನು ಗೌರವಿಸುತ್ತಲೇ, ಆ ನಾಲ್ಕಾರು ಹೆಂಗಸರ ನಡುವೆ ಆಶಾ ಕಾರ್ಯಕರ್ತೆಗೂ ವಿಧವೆಯಾದ ತಾಯಿಗೂ ಒಂದೊಂದು ಮಣೆ ಹಾಕಿ, ಬಳೆಯ ಜೊತೆಗೆ ತಾಯಿ ಕಾರ್ಡನ್ನೂ ಕೈಗಿತ್ತು, ಅತ್ತೆಯ ಎದುರಿನಲ್ಲಿಯೇ ಗುಳಿಗೆಯ ಮಾತು, ಊಟದ ಮಾತು, ದುಡಿಮೆಯ ಮಾತುಗಳನ್ನು ತೀರ್ಮಾನಿಸಿ, ಬಸಿರು ಎಷ್ಟನೆಯದೇ ಆಗಿರಲಿ ಪ್ರತಿ ಸಲವೂ ಇದನ್ನು ನಡೆಸುವುದಾದರೆ, ಹೊಸ ಖರ್ಚೊಂದೂ ಇಲ್ಲದೆ ಕುಬಸದ ಮುಖ್ಯ ನ್ಯೂನತೆಗಳು ನೀಗುತ್ತವೆ. ಏಳನೆಯ ತಿಂಗಳ ಸಂಭ್ರಮವು ಅದರ ಪಾಡಿಗೆ ನಡೆಯಲಿ; ಆದರೆ ಆ ದಿನ ತಾಟಿನಲ್ಲಿ ಕಂಡ ಎಳ್ಳು, ಕಾಳು, ಮೊಸರುಗಳು ಅದಕ್ಕೂ ಮೊದಲಿನ ನೂರಾರು ದಿನ ಅವಳ ತಾಟಿನಲ್ಲಿದ್ದವೇ ಎಂಬ ಪ್ರಶ್ನೆಯಿಂದಲೇ ಕುಬಸ ಮಾಡಿದ ಮನೆಯ ಯೋಗ್ಯತೆಯನ್ನು ಅಳೆಯಬೇಕು.